ಆಡಿ ತಿಂಗಳ ಸರ್ವರ್

ನನ್ನ ಕೆಲಸ ಏನೆಂದು ನೆಂಟರು ಕೇಳಿದಾಗಲೆಲ್ಲ ನನಗಿಂತ ಮೊದಲು ಅಮ್ಮನೇ ಉತ್ತರ ಕೊಡುತ್ತಿದ್ದಳು: "ಅದೇನೋ ಮದುವೆ ವಿಡಿಯೋ ಇಟ್ಕೊಳ್ಳೋ ಗೋಡೌನಂತೆ ಕಣ್ರೀ. ಇವಳು ಅದಕ್ಕೆ ವಾಚ್‌ಮನ್ನು." ಮೊದಮೊದಲು ಸಿಟ್ಟು ಬರುತ್ತಿತ್ತು. ನಿವೃತ್ತಳಾಗಿ ಎರಡು ವರ್ಷವಾದ ಮೇಲೆ ಕೂತು ಯೋಚಿಸಿದರೆ ಅದಕ್ಕಿಂತ ಸರಿಯಾದ ವಿವರಣೆ ನನಗೂ ಹೊಳೆಯುತ್ತಿಲ್ಲ.

ವೇಲಚೇರಿಯಲ್ಲಿದ್ದ ನಮ್ಮ ಕಂಪನಿಗೆ ಸ್ಟುಡಿಯೋದವರು ಮದುವೆ ಮುಗಿದ ಕೂಡಲೇ ತಾವು ತೆಗೆದ ವಿಡಿಯೋಗಳನ್ನೆಲ್ಲ ಕಳಿಸುತ್ತಿದ್ದರು. ನಾವು ಅವನ್ನು ತುಣುಕು ತುಣುಕಾಗಿ ಹನ್ನೆರಡು ಸರ್ವರ್‌ಗಳಲ್ಲಿ ಇಡುತ್ತಿದ್ದೆವು. ಮದುವೆ ಮನೆಯವರು ಒಂದು ಲಿಂಕ್ ಒತ್ತಿದರೆ ಸಾಕು, ವಿಡಿಯೋ ಬರಬೇಕು. ಹನ್ನೆರಡರಲ್ಲಿ ಒಂದು ಏದುಸಿರು ಬಿಡುತ್ತ, ಇನ್ನೊಂದು ಆಕಳಿಸುತ್ತ ಕೂರದಂತೆ ಹೊರೆಯನ್ನು ಹಂಚುವುದು ನನ್ನ ಜವಾಬ್ದಾರಿ. ಇಷ್ಟೇ ಕೆಲಸ. ಇಷ್ಟಕ್ಕೇ ನನ್ನ ತಲೆ ಬೆಳ್ಳಗಾಯಿತು.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಕೆಲವರು ಭಾನುವಾರ ವೆಸ್ಟ್ ಮಾಂಬಲಂನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಮೇಡಂ, ಬೇಗ ಮೇಲೆ ಬರುವುದು ಹೇಗೆ ಎಂದು ಕೇಳುತ್ತಾರೆ. ನನಗೆ ಮೇಲೆ ಹೋದದ್ದು ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಒಂದು ಮದುವೆ ಊಟ. ಹನ್ನೆರಡು ನಿಮಿಷದ ಆ ಊಟದ ವಿಡಿಯೋವನ್ನು ನಾನು ನನ್ನ ಕೈಯಾರೆ ಕಳೆದಿದ್ದೆ. ಅದರಲ್ಲಿ ಮದುಮಗಳ ತಂದೆ ಇದ್ದರು. ಅದನ್ನು ಹುಡುಕಿಕೊಂಡು ಮನೆಯವರು ನಮ್ಮ ಆಫೀಸಿಗೆ ಬರುವ ಹೊತ್ತಿಗೆ ಆ ತಂದೆ ತೀರಿಕೊಂಡಿದ್ದರು. ಅದು ಹೇಗೆ ಕಳೆಯಿತು, ಆಮೇಲೆ ಏನಾಯಿತು ಎಂದು ಬರೆದಿಡುತ್ತೇನೆ. ಮೇಲೆ ಬರುವ ದಾರಿ ಇದರಲ್ಲಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎಲ್ಲದರ ಬೇರು ನಮ್ಮ ಮುಖ್ಯಸ್ಥರಾದ ವರದನ್ ಸಾರ್ ಅವರ ಜೇಬಿನಲ್ಲಿತ್ತು. ಅಂಗಿ ಜೇಬಿನಲ್ಲಿ ಎಲ್ಲರೂ ಪೆನ್ನು ಇಟ್ಟರೆ ಅವರು ಅಂಗೈಯಗಲದ ಪಂಚಾಂಗ ಇಡುತ್ತಿದ್ದರು. ತಿಳಿದವರು, ಸಜ್ಜನರು, ಲೆಕ್ಕದಲ್ಲಿ ಪಳಗಿದ ತಲೆ. ಆದರೆ ಯಾವ ವಿಡಿಯೋ ಯಾವ ಸರ್ವರ್‌ಗೆ ಹೋಗಬೇಕು ಎಂಬ ಪ್ರಶ್ನೆ ಬಂದಾಗ ಅವರು ಕೈ ಹಾಕಿದ್ದು ಜೇಬಿಗೇ. "ಹನ್ನೆರಡು ಸರ್ವರ್, ಹನ್ನೆರಡು ತಮಿಳು ತಿಂಗಳು. ಚಿತ್ತಿರೈ ಮದುವೆ ಚಿತ್ತಿರೈ ಸರ್ವರ್‌ಗೆ, ವೈಗಾಸಿ ಮದುವೆ ವೈಗಾಸಿಗೆ. ಮದುವೆ ತಾರೀಕು ಗೊತ್ತಿದ್ದರೆ ವಿಡಿಯೋ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಎನ್ನ, ಕರೆಕ್ಟಾ?" ಎಂದರು. ನಾವೆಲ್ಲ ಕರೆಕ್ಟ್ ಎಂದು ತಲೆಯಾಡಿಸಿದೆವು. ಕೇಳಲು ಅಷ್ಟು ಚೆನ್ನಾಗಿತ್ತು.

ಸರ್ವರ್‌ಗಳು ಬಂದಿಳಿದದ್ದು ಆಡಿ ತಿಂಗಳಲ್ಲಿ. ಆಡಿಯಲ್ಲಿ ತಮಿಳರು ಹೊಸದೇನನ್ನೂ ಶುರುಮಾಡುವುದಿಲ್ಲ; ಟಿ. ನಗರದ ಅಂಗಡಿಗಳಲ್ಲಿ ರಿಯಾಯಿತಿ ಸೀರೆಗೆ ಮುಗಿಬೀಳುವುದೊಂದು ಬಿಟ್ಟರೆ ಶುಭಕಾರ್ಯವೆಲ್ಲ ಮುಂದಿನ ತಿಂಗಳಾದ ಆವಣಿಗೆ. ಹಾಗಾಗಿ ಉದ್ಘಾಟನೆಗೆ ಆವಣಿಯ ಮೊದಲ ಮುಹೂರ್ತ ಗೊತ್ತು ಮಾಡಿ, ಆಡಿ ತಿಂಗಳಿಡೀ ನಾವು ಪರೀಕ್ಷೆ ನಡೆಸಿದೆವು. ಎಷ್ಟು ಸೊಗಸಾಗಿ ನಡೆಯಿತೆಂದರೆ ಎಲ್ಲಿಯೂ ಒಂದು ತಡೆಯಿಲ್ಲ, ಒಂದು ದೂರಿಲ್ಲ. ಆ ತಿಂಗಳು ಮದುವೆಯೇ ಇಲ್ಲದ್ದರಿಂದ ವಿಡಿಯೋಗಳೂ ಬರುತ್ತಿಲ್ಲ ಎಂಬುದು ಪಂಚಾಂಗ ಜೇಬಿನಲ್ಲಿಟ್ಟುಕೊಂಡವರಿಗೂ ಹೊಳೆಯಲಿಲ್ಲ, ಅವರ ಹಿಂದೆ ನಿಂತು ತಲೆಯಾಡಿಸಿದ ನಮಗೂ ಹೊಳೆಯಲಿಲ್ಲ.

ಆವಣಿಯ ಮೊದಲ ಮುಹೂರ್ತದ ದಿನ ಬೆಳಿಗ್ಗೆ ಬೂದುಗುಂಬಳ ಒಡೆದೆವು. ಮಧ್ಯಾಹ್ನದೊಳಗೆ ಆವಣಿ ಸರ್ವರ್ ಮಲಗಿತು. ಊರಿನ ಮದುವೆಗಳೆಲ್ಲ ಅದೇ ದಿನ, ವಿಡಿಯೋಗಳೆಲ್ಲ ಅದೇ ಒಂದು ಸರ್ವರ್‌ಗೆ. ಉಳಿದ ಹನ್ನೊಂದು ಸುಮ್ಮನೆ ಹಸಿರು ದೀಪ ಮಿನುಗಿಸುತ್ತ ಕುಳಿತಿದ್ದವು. ಸ್ಟುಡಿಯೋದವರ ಫೋನುಗಳು ಒಂದರ ಹಿಂದೊಂದು ಬಂದವು. ವರದನ್ ಸಾರ್ ಕುಂಬಳಕಾಯಿಯ ಚೂರುಗಳನ್ನು ನೋಡುತ್ತ, "ದೃಷ್ಟಿ ಸರಿಯಾಗಿ ಹೋಗಲಿಲ್ಲ ಅಂತ ಕಾಣುತ್ತೆ" ಎಂದರು.

ಅಂದಿನಿಂದ ನಮ್ಮ ಸರ್ವರ್ ಕೋಣೆ ಒಂದು ಕೂಡುಕುಟುಂಬವಾಯಿತು. ತೈ, ಆವಣಿ, ವೈಗಾಸಿ ದುಡಿದು ಸಾಯುವವು. ಪುರಟ್ಟಾಸಿ, ಮಾರ್ಗಳಿಗಳಿಗೆ ಹೆಚ್ಚು ಕೆಲಸವಿಲ್ಲ, ಆ ತಿಂಗಳುಗಳಲ್ಲಿ ಮದುವೆ ಕಡಿಮೆ. ಇನ್ನು ಆಡಿಗೆ ಕೆಲಸವೇ ಇಲ್ಲ. ನನ್ನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸೆಲ್ವಿ ಅದಕ್ಕೆ ಮಾಪ್ಪಿಳ್ಳೈ, ಅಂದರೆ ಅಳಿಯ, ಎಂದು ಹೆಸರಿಟ್ಟಳು. ತಮಿಳರ ಮನೆಗಳಲ್ಲಿ ಆಡಿ ತಿಂಗಳಲ್ಲಿ ಹೊಸ ಅಳಿಯನನ್ನು ಕರೆಸಿ, ಕೂರಿಸಿ, ಬಡಿಸುತ್ತಾರೆ. ಅವನು ತಿಂದು ಮಲಗಿದರಾಯಿತು. ಆಯುಧ ಪೂಜೆಯ ದಿನ ಎಲ್ಲ ಸರ್ವರ್‌ಗೂ ಒಂದೊಂದು ಗಂಧದ ಬೊಟ್ಟಿಟ್ಟರೆ ಮಾಪ್ಪಿಳ್ಳೈಗೆ ಸೆಲ್ವಿ ಮೂರು ಇಡುತ್ತಿದ್ದಳು.

ಇದನ್ನು ಸರಿಮಾಡಲು ನಾನು ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿ ಮುಖಭಂಗ ಮಾಡಿಕೊಂಡೆ. ಪ್ರತಿ ಮದುವೆಗೂ ಒಂದು ಸಂಖ್ಯೆ ಕೊಡೋಣ, ಅದನ್ನು ಹನ್ನೆರಡರಿಂದ ಭಾಗಿಸೋಣ, ಶೇಷ ಎಷ್ಟು ಬರುತ್ತದೋ ಆ ಸರ್ವರ್‌ಗೆ ಕಳಿಸೋಣ ಎಂದು ಹೇಳಿದೆ. ಸಾರ್ ಒಪ್ಪಿ, ಹಳೆಯ ಮೂರ್ನಾಲ್ಕು ಯಂತ್ರಗಳನ್ನು ಕೊಟ್ಟು ಮಾಡಿ ತೋರಿಸು ಎಂದರು. ಚೆನ್ನಾಗಿಯೇ ನಡೆಯಿತು. ಮೆರೆಯುವ ಉತ್ಸಾಹದಲ್ಲಿ ನಾನು ಅವರೆದುರಿಗೇ ಇನ್ನೊಂದು ಯಂತ್ರ ಸೇರಿಸಿದೆ. ಭಾಗಿಸುವ ಸಂಖ್ಯೆ ಬದಲಾದ ಕೂಡಲೇ ಶೇಷಗಳೆಲ್ಲ ಬದಲಾದವು. ಹೆಚ್ಚುಕಡಿಮೆ ಎಲ್ಲ ತುಣುಕುಗಳೂ ತಮ್ಮ ಮನೆ ಬಿಟ್ಟು ಇನ್ನೊಂದು ಮನೆಗೆ ಹೊರಟು ನಿಂತವು. ಒಬ್ಬ ಅತಿಥಿ ಹೆಚ್ಚಿಗೆ ಬಂದನೆಂದು ಊಟಕ್ಕೆ ಕುಳಿತ ಇಡೀ ಪಂಕ್ತಿಯನ್ನೇ ಎಬ್ಬಿಸಿದ ಹಾಗಾಯಿತು. ಯಂತ್ರಗಳು ಎರಡು ದಿನ ಬರೀ ಸಾಮಾನು ಸಾಗಿಸಿದವು. ವರದನ್ ಸಾರ್ ಬೈಯಲಿಲ್ಲ, ನಕ್ಕರು. ಅದು ಬೈದದ್ದಕ್ಕಿಂತ ಹೆಚ್ಚಾಗಿ ತಾಗಿತು.

ಎರಡನೆಯ ಉಪಾಯ ಸಿಕ್ಕಿದ್ದು ನನ್ನ ಗುಂಡು ಚಿಕ್ಕಪ್ಪನಿಂದ. ಅವರು ವೆಸ್ಟ್ ಮಾಂಬಲಂನ ಒಬ್ಬ ಅಡುಗೆ ಕಂಟ್ರಾಕ್ಟರ್ ಹತ್ತಿರ ಇದ್ದರು. ಸೌಟು ಹಿಡಿದವರಲ್ಲ. ಜನರನ್ನು ಎಲೆಗೆ ಕೂರಿಸುವುದೇ ಅವರ ಕೆಲಸ, ಮೂವತ್ತು ವರ್ಷ ಅದೊಂದನ್ನೇ ಮಾಡಿದವರು. ಒಮ್ಮೆ ನೆಂಟರ ಮದುವೆಯಲ್ಲಿ ಅವರ ಪಕ್ಕ ನಿಂತು ನೋಡುತ್ತಿದ್ದೆ. ಬಾಗಿಲಲ್ಲಿ ನೂಕುನುಗ್ಗಲು. ಅವರು ಮಾತ್ರ ಎಳ್ಳಷ್ಟೂ ಗಡಿಬಿಡಿಯಿಲ್ಲದೆ, ಬಂದವರನ್ನು ಆ ಸಾಲಿಗೆ, ಈ ಸಾಲಿಗೆ ಎಂದು ಕೈ ತೋರಿಸುತ್ತಿದ್ದರು.

"ಚಿಕ್ಕಪ್ಪಾ, ಎಲ್ಲ ಸಾಲೂ ಎಣಿಸ್ತೀರಾ?" ಎಂದೆ.

"ಎಣಿಸ್ತಾ ನಿಂತ್ರೆ ಜನ ನನ್ನ ತುಳ್ಕೊಂಡು ಹೋಗ್ತಾರೆ ಕಣೇ. ಯಾವ್ದಾದ್ರೂ ಎರಡು ಸಾಲು ನೋಡ್ತೀನಿ. ಎರಡರಲ್ಲಿ ಯಾವುದು ಖಾಲಿಯೋ ಅಲ್ಲಿಗೆ ಕಳಿಸ್ತೀನಿ. ಮುಂದಿನೋನು ಬಂದ್ರೆ ಇನ್ಯಾವ್ದೋ ಎರಡು. ಅಷ್ಟೇ."

"ಅಷ್ಟರಲ್ಲೇ ಎಲ್ಲಾ ಸಮ ಆಗುತ್ತಾ?"

"ನೋಡಲ್ಲಿ," ಎಂದು ಗಲ್ಲ ಎತ್ತಿ ತೋರಿಸಿದರು. ಎಲ್ಲ ಸಾಲೂ ಹೆಚ್ಚುಕಡಿಮೆ ಒಂದೇ ಸಮ ತುಂಬುತ್ತಿತ್ತು.

ಮನೆಗೆ ಬಂದವಳೇ ಲೆಕ್ಕ ಹಾಕಿ ನೋಡಿದೆ. ಚಿಕ್ಕಪ್ಪ ಹೇಳಿದ್ದು ನಿಜವಾಗಿತ್ತು. ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ಒಂದಲ್ಲ ಒಂದು ಸರ್ವರ್ ಮೇಲೆ ರಾಶಿ ಬೀಳುತ್ತದೆ. ಎರಡನ್ನು ನೋಡಿ ಹಗುರವಾದದ್ದನ್ನು ಆರಿಸಿದರೆ ರಾಶಿ ಬೀಳುವುದು ಎಷ್ಟೋ ಕಡಿಮೆ. ಯಾವ ತುಣುಕು ಎಲ್ಲಿ ಹೋಯಿತೆಂದು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟರಾಯಿತು, ಹೊಸ ಸರ್ವರ್ ಬಂದರೂ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಮರುದಿನ ಸಂಭ್ರಮದಿಂದ ಹೇಳಿದೆ. ವರದನ್ ಸಾರ್ ಪೂರ್ತಿ ಕೇಳಿದರು. "ರಮಾ, ಹಿಂದಿನ ಸಲವೂ ನೀನು ಇಷ್ಟೇ ಸಂಭ್ರಮದಿಂದ ಹೇಳಿದೆ" ಎಂದು ಪಂಚಾಂಗವನ್ನು ಜೇಬಿಗೆ ಸೇರಿಸಿದರು.

ಹೀಗಾಗಿ ಉಳಿದದ್ದು ಕೈಕೆಲಸ. ತೈ ಸರ್ವರ್ ಏದುಸಿರು ಬಿಟ್ಟಾಗ ನಾನೇ ಅದರಿಂದ ಒಂದಷ್ಟು ತುಣುಕುಗಳನ್ನು ಎತ್ತಿ ಪುರಟ್ಟಾಸಿ, ಮಾರ್ಗಳಿ, ಆಡಿಗಳಿಗೆ ಸಾಗಿಸುತ್ತಿದ್ದೆ. ಯಾವುದನ್ನು ಎತ್ತುವುದು? ಜನ ನೋಡುತ್ತಿರುವುದನ್ನು ಎತ್ತಿದರೆ ನಡುವೆ ತಡೆಯುತ್ತದೆ. ಯಾರೂ ನೋಡದ್ದನ್ನು ಎತ್ತಬೇಕು. ಮದುವೆಯಾದ ಮರುದಿನ ಲೋಕವೆಲ್ಲ ನೋಡುವುದು ತಾಳಿ ಕಟ್ಟುವುದನ್ನು, ಮತ್ತೆ ಮತ್ತೆ ಅದನ್ನೇ. ಊಟದ ಸಾಲು, ಪಾರ್ಕಿಂಗು, ಅಜ್ಜಂದಿರು ತೂಕಡಿಸುವುದು, ಇವನ್ನು ಯಾರೂ ನೋಡುವುದಿಲ್ಲ. ಹಾಗಾಗಿ ತಾಳಿ ತೈಯಲ್ಲೇ ಉಳಿಯುತ್ತಿತ್ತು, ಊಟ ಅಳಿಯನ ಮನೆಗೆ ಹೋಗುತ್ತಿತ್ತು.

ಸಾಗಿಸುವ ಮುಂಚೆ ಯಾವ ತುಣುಕು ಎಲ್ಲಿಗೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು ಎಂಬ ನಿಯಮ ಮಾಡಿದವಳು ನಾನೇ. ಅದಕ್ಕೊಂದು ಕಾರಣವಿತ್ತು. ರಿಜಿಸ್ಟರಿನಲ್ಲಿ ಹೆಸರಿಲ್ಲದ ತುಣುಕುಗಳನ್ನು ಕಸವೆಂದು ಅಳಿಸಿಹಾಕುವ ಒಂದು ಪ್ರೋಗ್ರಾಂ ಪ್ರತಿ ಸೋಮವಾರ ಬೆಳಿಗ್ಗೆ ಓಡುತ್ತಿತ್ತು. ನಾವು ಅದನ್ನು ಪೊರಕೆ ಎನ್ನುತ್ತಿದ್ದೆವು. ಅದನ್ನು ಬರೆದವಳೂ ನಾನೇ.

ಆ ವರ್ಷ ತೈ ತಿಂಗಳ ಕೊನೆಯ ಮುಹೂರ್ತ ಒಂದು ಗುರುವಾರ ಬಿತ್ತು. ಶುಕ್ರವಾರ ಮಧ್ಯಾಹ್ನ ತೈ ಸರ್ವರ್ ಇನ್ನೇನು ಮಲಗುತ್ತದೆ ಎನ್ನುವಂತಾಯಿತು. ನಾನು ನೂರಾರು ತುಣುಕುಗಳನ್ನು ಮೂರು ಸರ್ವರ್‌ಗಳಿಗೂ ದಬದಬನೆ ಸಾಗಿಸಿದೆ. ಬರೆಯುವುದು ಆಮೇಲೆ, ಒಂದು ಕಾಫಿ ಕುಡಿದು ಬರೆದರಾಯಿತು ಎಂದುಕೊಂಡೆ. ಕಾಫಿ ಕುಡಿಯುವಾಗ ಫೋನು ಬಂತು, ಅದರ ಹಿಂದೆ ಇನ್ನೊಂದು ಬಂತು, ಸಂಜೆಯಾಯಿತು, ನಾನು ವೇಲಚೇರಿ ಸ್ಟೇಷನ್ನಿಗೆ ಹೊರಟುಹೋದೆ. ಶನಿವಾರ ಬೆಳಿಗ್ಗೆ ಬಂದು ನೋಡಿದರೆ ತೈ ಸರ್ವರ್‌ನ ಡಿಸ್ಕ್ ಸತ್ತಿತ್ತು. ಎರಡನೆಯ ಪ್ರತಿ ತೆಗೆಯುವುದು ಭಾನುವಾರದ ಕೆಲಸ; ಹಾಗಾಗಿ ಆ ವಾರದ್ದು ಯಾವುದಕ್ಕೂ ಪ್ರತಿಯಿರಲಿಲ್ಲ. ಯಾವ ಸಂಖ್ಯೆಯ ತುಣುಕು ಯಾರ ಮದುವೆಯದು ಎಂಬ ಪಟ್ಟಿಯೂ ತೈ ಜೊತೆಗೇ ಹೋಯಿತು.

ಈಗ ಹೇಳುವುದನ್ನು ಹೊಸಬರು ದಯವಿಟ್ಟು ಗಮನವಿಟ್ಟು ಓದಬೇಕು. ಆ ಶನಿವಾರ ನಾನು ಬಾಯಿ ಬಿಡಲಿಲ್ಲ. ಡಿಸ್ಕ್ ಸತ್ತದ್ದು ಎಲ್ಲರಿಗೂ ಕಾಣುತ್ತಿತ್ತು. ನಾನು ಬರೆಯದೆ ಸಾಗಿಸಿದ್ದು ನನಗೊಬ್ಬಳಿಗೇ ಗೊತ್ತಿತ್ತು. ನಿಯಮ ಮಾಡಿದವಳೇ ನಿಯಮ ಮುರಿದೆ ಎನ್ನಲು ನಾಚಿಕೆಯಾಯಿತು. ಹೇಗೂ ಸ್ಟುಡಿಯೋದವರ ಹತ್ತಿರ ಮೂಲ ಇರುತ್ತದೆ, ಮತ್ತೆ ಕಳಿಸುತ್ತಾರೆ, ನನ್ನ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟುಡಿಯೋಗಳಿಗೆಲ್ಲ ಫೋನು ಮಾಡಿದೆವು. ಎಲ್ಲರೂ ಬೈದುಕೊಂಡು ಮತ್ತೆ ಕಳಿಸಿದರು. ಸೋಮವಾರ ಪೊರಕೆ ತನ್ನ ಪಾಡಿಗೆ ಓಡಿತು. ನನ್ನ ಬರೆಯದ ತುಣುಕುಗಳೂ ಕಸದ ಜೊತೆ ಹೋದವು ಎಂದು ತಿಳಿದು, ಒಂದು ರೀತಿ ನಿರಾಳವೂ ಆಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಕಳಿಸದವನು ಒಬ್ಬನೇ, ವೆಸ್ಟ್ ಮಾಂಬಲಂನ ಅನ್ಬು. ಒಂದೇ ಕ್ಯಾಮೆರಾ ಇಟ್ಟುಕೊಂಡ ಚಿಕ್ಕ ಸ್ಟುಡಿಯೋ ಅವನದು. ಎಲ್ಲ ಬಂದು ತಲುಪಿತು ಎಂದು ನಮ್ಮಿಂದ ಸಂದೇಶ ಬಂದ ಕೂಡಲೇ ಅವನು ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ, ಶುಕ್ರವಾರದ ಇನ್ನೊಂದು ಕಾರ್ಯಕ್ರಮಕ್ಕೆ ಹೋಗಿಬಿಟ್ಟಿದ್ದ. ಮದುವೆ ಮನೆಯವರಿಗೆ ಹೇಳುವ ಧೈರ್ಯವಿಲ್ಲದೆ, ಎಡಿಟಿಂಗ್ ನಡೆಯುತ್ತಿದೆ ಎಂದು ದಿನ ತಳ್ಳುತ್ತಿದ್ದ. ಮದುವೆಯಾದ ಹನ್ನೊಂದನೆಯ ದಿನ ಮದುಮಗಳ ತಂದೆ ತೀರಿಕೊಂಡರು. ಅದಾಗಿ ಕೆಲವು ದಿನಕ್ಕೆ ಅನ್ಬು ಆ ಮನೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ನಮ್ಮ ಆಫೀಸಿಗೆ ಬಂದ.

ತಾಯಿಯ ಹೆಸರು ನೀಲಮ್ಮ, ಮಗಳು ಗಂಗಾ. ಹುಬ್ಬಳ್ಳಿ ಕಡೆಯಿಂದ ಬಂದು ಟಿ. ನಗರದಲ್ಲಿ ಸೀರೆ ವ್ಯಾಪಾರ ಮಾಡುವ ಮನೆತನ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡಿದ್ದ ನೀಲಮ್ಮ ನನ್ನ ಹೆಸರು ಕೇಳಿ, ನಾನು ಕನ್ನಡದವಳೆಂದು ತಿಳಿದ ಕೂಡಲೇ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು.

"ಅಕ್ಕಾರ, ನಮ್ಮವರು ದವಾಖಾನಿಯಿಂದ ಒಂದ ತಾಸಿನ ಮಟ್ಟಿಗೆ ಮದುವಿಗೆ ಬಂದಿದ್ರು. ಡಾಕ್ಟರು ಒಲ್ಲೆ ಅಂದ್ರೂ ಹಟ ಹಿಡದು ಬಂದ್ರು. ಈ ಹುಡುಗ ಎಲ್ಲಾ ಹೋತು ಅಂತಾನ. ಹೌದೇನ್ರಿ? ಎಲ್ಲಾ ಹೋತೇನ್ರಿ?"

ಗಂಗಾ ತಾಯಿಯ ಭುಜ ಹಿಡಿದು ತಮಿಳಿನಲ್ಲಿ, "ವಿಡುಮಾ, ವಾ ಪೋಲಾಂ" ಎಂದಳು. ಬಿಡಮ್ಮ, ಹೋಗೋಣ ಎಂದು. ತಾಯಿ ಏಳಲಿಲ್ಲ.

ಡಿಸ್ಕ್ ಕೆಟ್ಟಿತು ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸುಳ್ಳೂ ಅಲ್ಲ. ಆದರೆ ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ಆಗಲಿಲ್ಲ. "ಡಿಸ್ಕ್ ಸತ್ತದ್ದು ನಿಜಾರೀ. ಆದರೆ ಅದು ಸಾಯೋ ಹಿಂದಿನ ದಿನ ನಾನು ಒಂದಷ್ಟು ತುಣುಕು ಬೇರೆ ಕಡೆ ಇಟ್ಟಿದ್ದೆ. ಎಲ್ಲಿಟ್ಟೆ ಅಂತ ಬರೀಲಿಲ್ಲ. ಬರೆಯದೇ ಇದ್ದದ್ದಕ್ಕೆ ಅವು ಸೋಮವಾರ ಅಳಿಸಿಹೋದವು. ತಪ್ಪು ನಂದು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ" ಎಂದೆ. ಬಾಗಿಲಲ್ಲಿ ವರದನ್ ಸಾರ್ ನಿಂತಿದ್ದರು. ಅವರಿಗೂ ಕೇಳಲಿ ಎಂದು ಇದನ್ನೇ ಮತ್ತೊಮ್ಮೆ ತಮಿಳಿನಲ್ಲಿ ಹೇಳಿದೆ.

ಮೊದಲು ಮಾತಾಡಿದವಳು ಪಕ್ಕದ ಮೇಜಿನ ಸೆಲ್ವಿ. "ಎಲ್ಲಿಟ್ಟಿದ್ದೆ?" ಎಂದಳು.

"ಪುರಟ್ಟಾಸಿ, ಮಾರ್ಗಳಿ, ಆಡಿ."

"ಆಡಿಯಲ್ಲಿ? ಮಾಪ್ಪಿಳ್ಳೈಯಲ್ಲಿ? ಅಯ್ಯೋ, ಅದರಲ್ಲಿ ನಾವು ಪೊರಕೆ ಹಾಕೇ ಇಲ್ಲ ಕಣೇ! ಯಾರೂ ಇರದ ಮನೆಗೆ ಯಾಕೆ ಗುಡಿಸೋದು ಅಂತ ನೀನೇ ತಾನೇ ಅಂದದ್ದು?"

ಹೌದು, ಸಾಗಣೆ ಶುರುವಾಗುವ ಮುಂಚೆ ನಾನೇ ಅಂದಿದ್ದೆ, ಮತ್ತು ಪೂರ್ತಿ ಮರೆತಿದ್ದೆ. ತೆರೆದು ನೋಡಿದರೆ ಆರುನೂರಕ್ಕೂ ಮೀರಿ ತುಣುಕುಗಳು, ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ, ತಣ್ಣಗೆ ಕೂತಿದ್ದವು. ಪುರಟ್ಟಾಸಿ, ಮಾರ್ಗಳಿಗಳಲ್ಲಿದ್ದವು ಮಾತ್ರ ಪೊರಕೆಗೆ ಸಿಕ್ಕಿ ಹೋಗಿದ್ದವು. ಶನಿವಾರವೇ ಹೇಳಿದ್ದರೆ ಪೊರಕೆಯನ್ನು ನಿಲ್ಲಿಸಬಹುದಿತ್ತು, ಅವೂ ಉಳಿಯುತ್ತಿದ್ದವು. ಇದನ್ನು ವರದನ್ ಸಾರ್ ಹೇಳಬೇಕಾಗಿರಲಿಲ್ಲ, ಅವರು ಹೇಳಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹುಡುಕು" ಎಂದಷ್ಟೇ ಅಂದರು.

ಆದರೆ ಆರುನೂರು ತುಣುಕುಗಳಲ್ಲಿ ಇವರ ಮನೆಯದು ಯಾವುದು? ಮದುವೆ ಮಂಟಪಗಳೆಲ್ಲ ಒಂದೇ ಥರ, ಅದೇ ಚೆಂಡುಹೂವು, ಅದೇ ದೀಪದ ಸರ. ಅನ್ಬು ಹತ್ತಿಪ್ಪತ್ತು ನೋಡಿ, "ಅಕ್ಕಾ, ಎಲ್ಲವೂ ನಾನೇ ತೆಗೆದ ಹಾಗೆ ಕಾಣುತ್ತೆ" ಎಂದು ಕೈ ಚೆಲ್ಲಿದ. ಆಗ ನೀಲಮ್ಮ ಎದ್ದರು. "ನಾ ನೋಡ್ತೀನ್ರಿ. ನಮ್ಮ ಮಂದಿನ್ನ ನಾ ಗುರ್ತು ಹಿಡೀದ ಇನ್ಯಾರು ಹಿಡೀಬೇಕು?" ಎಂದು ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತರು.

ಮಗಳನ್ನೂ ಅನ್ಬುವನ್ನೂ ಕರೆದುಕೊಂಡು ಮೂರು ದಿನ ಬಂದರು. ಬೆಳಿಗ್ಗೆ ಹತ್ತಕ್ಕೆ ಬುತ್ತಿಯ ಸಮೇತ ಬರುವುದು, ಸಂಜೆ ಐದಕ್ಕೆ ಹೋಗುವುದು, ನಮ್ಮಲ್ಲಿ ಕೆಲವರಿಗಿಂತ ಹೆಚ್ಚು ಶಿಸ್ತು. ಯಾರ್ಯಾರದೋ ಮದುವೆಯ ಊಟ ನೋಡುತ್ತ ಕೂರುವುದು ಅವರ ದುಃಖಕ್ಕೆ ಹೇಗಿತ್ತೋ ನಾನರಿಯೆ. ಹೊರಗೆ ಮಾತ್ರ ಅವರ ಬಾಯಿ ಸುಮ್ಮನಿರಲಿಲ್ಲ. "ಇವರ ಮನ್ಯಾಗ ಸಾರು ನೀರಾಗೇತಿ ನೋಡ್ರಿ." "ಈ ಮುದುಕಗ ಯಾರೂ ಉಪ್ಪಿನಕಾಯಿ ಬಡಸವಲ್ಲರು, ಮೂರು ಸಲ ಕೇಳಿದ." "ಅಯ್ಯ, ಈಕಿ ಹೋಳಿಗಿ ಸೆರಗಿನ್ಯಾಗ ಕಟ್ಟಿಗೊಂಡ್ಳು!" ಎರಡನೆಯ ದಿನದ ಹೊತ್ತಿಗೆ ಆಫೀಸಿನ ಅರ್ಧ ಜನ ಅವರ ಕುರ್ಚಿಯ ಹಿಂದೆ ನಿಂತಿದ್ದರು. ಕನ್ನಡ ಬಾರದ ಸೆಲ್ವಿ ಅವರ ಜೊತೆ ನಗುತ್ತಿದ್ದಳು. ನೀಲಮ್ಮ ತಂದ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ನಮಗೆಲ್ಲ ಪಾಲಾಯಿತು. ನನ್ನ ಪಾಲನ್ನು ನಾನೂ ತಿಂದೆ.

ಮೂರನೆಯ ದಿನ ಮಧ್ಯಾಹ್ನ ಅವರು ಮಾತು ನಿಲ್ಲಿಸಿದರು. ಪರದೆಯ ಮೇಲೆ ಉದ್ದದ ಊಟದ ಸಾಲು. ಸಾಲಿನ ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಸೊರಗಿದ ಒಬ್ಬರು, ತಲೆಗೆ ರೇಷ್ಮೆ ರುಮಾಲು, ಕೈಗೆ ದವಾಖಾನೆಯ ಪಟ್ಟಿ. ಮುಂದೆ ಎಲೆ. ಅವರಿಗೆ ತಿನ್ನುವ ಹಾಗಿರಲಿಲ್ಲವಂತೆ. ಹೋಳಿಗೆಯ ಒಂದು ಚೂರು ಮುರಿದು ಪಕ್ಕದಲ್ಲಿ ಕುಳಿತ ಗಂಗಾಳ ಬಾಯಿಗಿಟ್ಟರು. ಅವಳು ಇನ್ನೊಂದು ಚೂರು ಅವರಿಗೆ ಕೊಡಹೋದರೆ ತಲೆ ಅಲ್ಲಾಡಿಸಿದರು. ಆಮೇಲೆ ಕ್ಯಾಮೆರಾದತ್ತ ತಿರುಗಿ ನಕ್ಕು, ಕ್ಷೀಣ ಧ್ವನಿಯಲ್ಲಿ ಕೇಳಿದರು: "ನಿಂದು ಊಟ ಆತೇನಪಾ?"

ಕ್ಯಾಮೆರಾದ ಹಿಂದಿನಿಂದ ಅನ್ಬುವಿನ ಧ್ವನಿ ಬಂತು: "ಓಕೆ ಸಾರ್, ಓಕೆ ಸಾರ್."

ನಮ್ಮ ಹಿಂದೆ ನಿಂತಿದ್ದ ಅನ್ಬು ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಅವರೇನು ಕೇಳಿದ್ದು? ಕ್ಯಾಮೆರಾ ನೋಡಿ ಕೂರಲಾ ಅಂತ ತಾನೇ?" ಎಂದ. ಊಟ ಮಾಡಿದೆಯಾ ಎಂದು ಕೇಳಿದ್ದು ಎಂದು ಹೇಳಿದೆ. ಅವನು ಹೊರಗೆ ಹೋಗಿ ವರಾಂಡದಲ್ಲಿ ನಿಂತ.

ಹನ್ನೆರಡು ನಿಮಿಷ ಮುಗಿಯಿತು. ನೀಲಮ್ಮ ಮತ್ತೆ ಮೊದಲಿನಿಂದ ಹಾಕಿಸಿದರು. ಇಷ್ಟು ದಿನ ತಮಿಳಿನಲ್ಲೇ ಮಾತಾಡುತ್ತಿದ್ದ ಗಂಗಾ ಪರದೆಯ ಮೇಲೆ ಬೆರಳಿಟ್ಟು, "ಅಪ್ಪಾರು ನೋಡವ್ವಾ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಹೇಳಬೇಕಾದದ್ದನ್ನು ಹೇಳಿದೆ: ಆರುನೂರೂ ಮುಗಿದವು, ಇದೇ ಕೊನೆಯದು; ಅಪ್ಪ ಮಂಟಪದ ಬಾಗಿಲಲ್ಲಿ ಇಳಿದದ್ದು ಇದರಲ್ಲಿಲ್ಲ, ಅದು ಪೊರಕೆಗೆ ಹೋಗಿರಬೇಕು; ಮುಹೂರ್ತ, ತಾಳಿ ಕಟ್ಟಿದ್ದು ಯಾವುದೂ ಇಲ್ಲ, ಅವೆಲ್ಲ ತೈ ಜೊತೆ ಹೋದವು.

ನೀಲಮ್ಮ ಮಗಳ ಕೊರಳಿನತ್ತ ಕೈ ತೋರಿಸಿದರು. "ತಾಳಿ ಅಲ್ಲೇ ಐತಲ್ರಿ, ದಿನಾ ನೋಡ್ತೀನಿ. ಇವರು ಎಲ್ಲೂ ಇರಲಿಲ್ಲ. ಇಲ್ಲಿ ಅದಾರ." ನನ್ನ ಕಡೆ ತಿರುಗಿ ಅಂದರು: "ಇನ್ನ ಮ್ಯಾಲೆ ಬರದ ಇಡ್ರಿ, ಅಕ್ಕಾರ. ಮರೀಬ್ಯಾಡ್ರಿ."

ಅವರು ಹೋದ ಮೇಲೆ ವರದನ್ ಸಾರ್ ನನ್ನನ್ನು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಮೇಜಿನ ಮೇಲೆ ಅವರ ಪಂಚಾಂಗ ಇತ್ತು. "ನಿನ್ನ ಚಿಕ್ಕಪ್ಪ ಎರಡು ಸಾಲು ನೋಡುತ್ತಾರೆ ಅಂದೆಯಲ್ಲ, ಅದನ್ನು ಇನ್ನೊಮ್ಮೆ ಹೇಳು. ಈ ಸಲ ನಿಧಾನವಾಗಿ" ಎಂದರು. ಎರಡು ತಿಂಗಳಲ್ಲಿ ಪದ್ಧತಿ ಬದಲಾಯಿತು. ಎರಡು ಸರ್ವರ್ ನೋಡಿ ಹಗುರವಾದದ್ದಕ್ಕೆ ಕಳಿಸುವುದು, ಬಂದ ಕೂಡಲೇ ಮೂರು ಪ್ರತಿ ಮಾಡುವುದು, ಮೊದಲು ರಿಜಿಸ್ಟರು ಆಮೇಲೆ ಸಾಗಣೆ. ನಾನಾಗಲೀ ಯಾರಾಗಲೀ ಬರೆಯದೆ ಸಾಗಿಸಲು ಹೋದರೆ ಯಂತ್ರವೇ ಒಪ್ಪದಂತೆ ಮಾಡಿದೆವು. ಪರೀಕ್ಷೆಯನ್ನು ವರದನ್ ಸಾರ್ ಹಟ ಹಿಡಿದು ವೈಗಾಸಿಯ ದೊಡ್ಡ ಮುಹೂರ್ತದ ದಿನವೇ ಇಟ್ಟರು. ಕುಂಬಳಕಾಯಿ ಒಡೆಯಲಿಲ್ಲ. ಉಳಿದ ಸರ್ವರ್‌ಗಳಿಗೆ ತಿಂಗಳ ಹೆಸರು ಹೋಗಿ ಬರೀ ಸಂಖ್ಯೆಗಳು ಬಂದವು, ಆದರೆ ಆಡಿಯ ಮೇಲಿದ್ದ ಮಾಪ್ಪಿಳ್ಳೈ ಎಂಬ ಚೀಟಿ ಕೀಳಲು ಸೆಲ್ವಿ ಬಿಡಲಿಲ್ಲ.

ನಾನು ನಿವೃತ್ತಳಾಗುವ ಹೊತ್ತಿಗೆ ಮಾಪ್ಪಿಳ್ಳೈಗೆ ಪೂರಾ ವಯಸ್ಸಾಗಿ ಅದನ್ನು ತೆಗೆದುಹಾಕುವುದೆಂದು ತೀರ್ಮಾನವಾಗಿತ್ತು. ಅದರಲ್ಲಿದ್ದುದನ್ನೆಲ್ಲ ಬೇರೆ ಕಡೆ ಕಳಿಸುವ ಕೆಲಸವನ್ನು ಹೊಸ ಹುಡುಗಿಯೊಬ್ಬಳಿಗೆ ಕೊಟ್ಟಿದ್ದರು. ಅವಳನ್ನು ಕೇಳಿ ಒಂದೇ ಒಂದು ತುಣುಕನ್ನು ನಾನೇ ಸಾಗಿಸಲು ಉಳಿಸಿಕೊಂಡೆ. ಕೊನೆಯ ದಿನ ಬೆಳಿಗ್ಗೆ, ಹಾರ, ಭಾಷಣ ಎಲ್ಲ ಶುರುವಾಗುವ ಮುಂಚೆ ಅದನ್ನು ತೆರೆದೆ. ಹನ್ನೆರಡು ನಿಮಿಷ ಪೂರ್ತಿ ನೋಡಿದೆ. ಕ್ಯಾಮೆರಾದತ್ತ ತಿರುಗಿ ಅವರು ಮತ್ತೆ ಕೇಳಿದರು, ಊಟ ಆತೇನಪಾ ಎಂದು. ಸೆಲ್ವಿ ಒಳಗಿನಿಂದ ಕಾಫಿಗೆ ಕರೆಯುತ್ತಿದ್ದಳು. ಬಂದೆ ಎಂದೆ, ಏಳಲಿಲ್ಲ. ಮೂರು ಹೊಸ ಸರ್ವರ್‌ಗಳ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಮೊದಲು ಬರೆದೆ, ಆಮೇಲೆ ಸಾಗಿಸಿದೆ. ಕಾಫಿ ಆರಿತ್ತು.